ನಿನ್ನ ಪ್ಯಾರಾಮೆಡಿಕ್ ಮೊದಲು ಏನು ನೋಡುತ್ತಾಳೆ?

ಪ್ರೀತಿಯ ತಂಗಿಗೆ,

ಆನ್‌ಲೈನ್ ರೋಲ್‌ಪ್ಲೇಗೆ, ಅಂದರೆ ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಟೈಪ್ ಮಾಡುತ್ತಾ ಆಡುವ ಆಟಕ್ಕೆ, ನೀನು ಬರೆದು ಕಳಿಸಿದ ಸೀನ್ ಓದಿದೆ. ವೇಗ ಚೆನ್ನಾಗಿದೆ, ಮಾತುಗಳೂ ಚುರುಕಾಗಿವೆ. ಆದರೆ ನಿನ್ನ ಪ್ಯಾರಾಮೆಡಿಕ್ ಆಂಬ್ಯುಲೆನ್ಸ್ ಇಳಿದ ಕೂಡಲೇ ಸಾಲಾಗಿ ಔಷಧಿಗಳ ಹೆಸರು ಹೇಳೋಕೆ ಶುರು ಮಾಡುತ್ತಾಳೆ. ಗುಂಡು ತಗುಲಿ ಬಿದ್ದವನು ಉಸಿರಾಡುತ್ತಿದ್ದಾನಾ ಅಂತ ಒಂದು ಸಲವೂ ನೋಡುವುದಿಲ್ಲ. ‘ಇನ್ನಷ್ಟು ಮೆಡಿಕಲ್ ಪದ ಹಾಕಿದರೆ ನಿಜ ಅನ್ನಿಸುತ್ತಾ?’ ಅಂತ ಕೇಳಿದ್ದೀಯ. ಇಲ್ಲ. ಈಗ ಇರುವುದರಲ್ಲೇ ಅರ್ಧ ತೆಗೆದುಬಿಡು.

ಇಂಥ ಪಾತ್ರವನ್ನು ಜನ ನಂಬುವುದು ಅವಳು ಯಾವುದನ್ನು ಮೊದಲು ನೋಡುತ್ತಾಳೆ, ಏನು ಕೇಳುತ್ತಾಳೆ, ಉತ್ತರಕ್ಕೆ ಕಾಯುತ್ತಾಳಾ ಅನ್ನುವುದರ ಮೇಲೆ. ರಸ್ತೆಯಲ್ಲಿ ಗುಂಡೇಟು ಅಂದರೆ ಗಾಯಾಳುವಿಗಿಂತ ಮೊದಲು ಯೋಚಿಸಬೇಕಾದ್ದು ಗುಂಡು ಹಾರಿಸಿದವನ ಬಗ್ಗೆ. ಅವನು ಇನ್ನೂ ಅಲ್ಲೇ ಇದ್ದಾನಾ? ಪೊಲೀಸರು ಸರಿ ಅನ್ನುವ ತನಕ ಸಾಮಾನ್ಯವಾಗಿ ಆಂಬ್ಯುಲೆನ್ಸ್ ದೂರದಲ್ಲೇ ನಿಲ್ಲುತ್ತದೆ. ಆ ಕಡೆಯಿಂದ ನರಳಾಟ ಕೇಳುತ್ತಿರುತ್ತದೆ, ಹೋಗುವ ಹಾಗಿಲ್ಲ. ಎಂಥ ಸಂಕಟದ ಜಾಗ ಅದು! ನೀನು ಅದನ್ನು ಹಾರಿ ಮುಂದೆ ಹೋಗಿಬಿಟ್ಟಿದ್ದೀಯ. ಹತ್ತಿರ ಹೋದ ಮೇಲೆ ರಕ್ತ ಸುರಿಯುತ್ತಿದ್ದರೆ ಮೊದಲು ಅದನ್ನು ತಡೆಯಬೇಕು. ಆಮೇಲೆ ಉಸಿರಿನ ದಾರಿ ತೆರೆದಿದೆಯಾ, ಉಸಿರಾಟ ಹೇಗಿದೆ, ನಾಡಿ ಹೇಗಿದೆ. ಈ ಕ್ರಮ ಅವಳ ಕೈಗೆ ಅಭ್ಯಾಸವಾಗಿರುತ್ತದೆ. ಎದೆ ಡವಡವ ಅಂತಿದ್ದರೂ ಕೈ ಅದೇ ಕ್ರಮದಲ್ಲಿ ಹೋಗುತ್ತದೆ.

ಕಥೆ ಬರೆಯುವಾಗ ಎಲ್ಲರ ದೇಹವೂ ನಿನ್ನ ಕೈಯಲ್ಲಿರುತ್ತದೆ. ರೋಲ್‌ಪ್ಲೇಯಲ್ಲಿ ಹಾಗಲ್ಲ. ಗಾಯಾಳುವಿನ ದೇಹ ಆ ಕಡೆ ಕೂತು ಟೈಪ್ ಮಾಡುತ್ತಿರುವ ಇನ್ನೊಬ್ಬ ಆಟಗಾರನದ್ದು. ‘ಅವನ ಶ್ವಾಸಕೋಶ ತೂತಾಗಿದೆ’ ಅಂತ ನೀನೇ ತೀರ್ಮಾನ ಮಾಡಿದರೆ ಅದು ಪವರ್‌ಗೇಮಿಂಗ್, ಅಂದರೆ ಇನ್ನೊಬ್ಬರ ಪಾತ್ರಕ್ಕೆ ಏನಾಗಬೇಕು ಅಂತ ಅವರನ್ನು ಕೇಳದೆ ನೀನೇ ನಿರ್ಧರಿಸುವುದು. ನೀನು ಆಡುವ ಸರ್ವರ್‌ನಲ್ಲಿ ‘ಮೀ’, ‘ಡು’ ಅನ್ನುವ ಕಮಾಂಡ್‌ಗಳು ಇವೆ ಅಲ್ವಾ? ನಿನ್ನ ಪಾತ್ರ ಏನು ಮಾಡುತ್ತಿದೆ ಅಂತ ಬರೆಯುವುದಕ್ಕೆ ಮೀ, ಎದುರಿನ ಸ್ಥಿತಿ ಕೇಳುವುದಕ್ಕೆ, ಹೇಳುವುದಕ್ಕೆ ಡು. ವೈದ್ಯರ ಪಾತ್ರಕ್ಕೆ ಇದಕ್ಕಿಂತ ಒಳ್ಳೆಯ ಸಲಕರಣೆ ಇನ್ನೊಂದಿಲ್ಲ. ಯಾಕೆಂದರೆ ನಿಜವಾದ ವೈದ್ಯರ ಕೆಲಸವೂ ಕೇಳಿ ತಿಳಿಯುವುದೇ. ಹೀಗೆ ಬರೆದು ನೋಡು:

ಮೀ: ಕುತ್ತಿಗೆಯ ಪಕ್ಕದಲ್ಲಿ ಎರಡು ಬೆರಳಿಟ್ಟು ನಾಡಿ ಹುಡುಕುತ್ತಾಳೆ.
ಡು: ನಾಡಿ ಸಿಗುತ್ತಾ? ಮೈ ಮುಟ್ಟಿದರೆ ಹೇಗಿದೆ?
ಅವನ ಡು: ನಾಡಿ ತುಂಬಾ ಜೋರಾಗಿ ಓಡುತ್ತಿದೆ, ಆದರೆ ಸಣ್ಣಗೆ. ಮೈ ತಣ್ಣಗಿದೆ, ಬೆವರಿದೆ.

ಇಷ್ಟು ಸಾಕು. ಹೊರಗೆ ಜಾಸ್ತಿ ರಕ್ತ ಕಾಣದಿದ್ದರೂ ಒಳಗೆಲ್ಲೋ ಹೋಗುತ್ತಿದೆ ಅನ್ನುವ ಅನುಮಾನ ಅವಳಿಗೆ ಬರಬೇಕು. ದೊಡ್ಡವರ ದೇಹದಲ್ಲಿ ಸುಮಾರು 5 ಲೀಟರ್ ರಕ್ತ ಇರುತ್ತದೆ. ಗಟ್ಟಿಮುಟ್ಟಾದ ಯುವಕನಾದರೆ ಒಂದೂವರೆ ಲೀಟರ್‌ನಷ್ಟು ಹೋಗುವವರೆಗೂ ಬಿಪಿ ಅಷ್ಟಾಗಿ ಬೀಳದೇ ಇರಬಹುದು. ಅದಕ್ಕೆ ಮೊದಲೇ ನಾಡಿ ಏರುತ್ತದೆ, ಬಾಯಾರಿಕೆ ಆಗುತ್ತದೆ, ಸುಮ್ನೆ ಮಲಗಲಾರದೆ ಚಡಪಡಿಸುತ್ತಾನೆ. ‘ನನಗೇನೂ ಆಗಿಲ್ಲ, ಬಿಡಿ’ ಅಂತ ಎದ್ದು ಕೂರೋಕೆ ನೋಡುತ್ತಾನೆ. ಹೊಸಬಳು ಬಿಪಿ ನೋಡಿ ಸಮಾಧಾನ ಪಡುತ್ತಾಳೆ. ಅನುಭವ ಇರುವವಳು ಅವನ ಬೆವರು ನೋಡಿ ‘ಗಾಡಿ ತೆಗೀರಿ, ಈಗಲೇ’ ಅನ್ನುತ್ತಾಳೆ. ಇಬ್ಬರ ನಡುವಿನ ವ್ಯತ್ಯಾಸ ತೋರಿಸೋಕೆ ಅವರ ಹಿಂದಿನ ಕಥೆ ಹೇಳಬೇಕಾಗಿಲ್ಲ.

ಎದುರಿನ ಆಟಗಾರನಿಗೆ ವೈದ್ಯಕೀಯ ಗೊತ್ತಿಲ್ಲದಿದ್ದರೆ? ಹೆಚ್ಚಿನವರಿಗೆ ಗೊತ್ತಿರುವುದಿಲ್ಲ. ಆಕ್ಸಿಜನ್ ಎಷ್ಟು ಪರ್ಸೆಂಟ್ ಅಂತ ಕೇಳಿದರೆ ಪಾಪ, ಬಾಯಿಗೆ ಬಂದ ಸಂಖ್ಯೆ ಹಾಕುತ್ತಾನೆ. ತುಟಿಯ ಬಣ್ಣ ಹೇಗಿದೆ, ಒಂದೇ ಉಸಿರಿಗೆ ಒಂದು ವಾಕ್ಯ ಪೂರ್ತಿ ಹೇಳೋಕೆ ಆಗುತ್ತಾ, ಕರೆದರೆ ಕಣ್ಣು ತೆರೆಯುತ್ತಾನಾ ಅಂತ ಕೇಳು. ಇದಕ್ಕೆ ಯಾರು ಬೇಕಾದರೂ ಉತ್ತರ ಕೊಡಬಹುದು. ಅಷ್ಟೇ ಅಲ್ಲ, ತನ್ನ ಗಾಯ ಎಷ್ಟು ದೊಡ್ಡದು ಅನ್ನುವ ತೀರ್ಮಾನವೂ ಅವನ ಕೈಯಲ್ಲೇ ಉಳಿಯುತ್ತದೆ.

ಇನ್ನು ನಿನ್ನ ಸೀನ್‌ನ ಮೂರು ಕಡೆ ನನ್ನ ಕೈ ಕೆಂಪು ಪೆನ್ನಿಗೆ ಹೋಯಿತು. ಮೊದಲನೆಯದು, ಹೃದಯ ಬಡಿತ ತೋರಿಸುವ ಮಾನಿಟರ್‌ನಲ್ಲಿ ಗೆರೆ ನೇರವಾದ ತಕ್ಷಣ ಅವಳು ಶಾಕ್ ಕೊಡುತ್ತಾಳೆ. ಗೆರೆ ನೇರ ಇದ್ದಾಗ ಶಾಕ್ ಕೆಲಸಕ್ಕೆ ಬರುವುದಿಲ್ಲ. ಶಾಕ್ ಕೊಡುವುದು ಹೃದಯ ತಾಳ ತಪ್ಪಿ ಅದುರುವಂಥ ಸ್ಥಿತಿಗಳಿಗೆ. ನೇರ ಗೆರೆಗೆ ಸಿಪಿಆರ್, ಅಡ್ರಿನಲಿನ್, ಜೊತೆಗೆ ಕಾರಣದ ಹುಡುಕಾಟ. ಇಲ್ಲಿ ಕಾರಣ ರಕ್ತ ಹೋಗಿರುವುದು, ಹಾಗಾಗಿ ಅದನ್ನು ನಿಲ್ಲಿಸದೆ ಬೇರೆ ಏನು ಮಾಡಿದರೂ ಪ್ರಯೋಜನ ಕಡಿಮೆ. ಸಿಪಿಆರ್ ಅಂದರೆ ನಿಮಿಷಕ್ಕೆ 100ರಿಂದ 120 ಸಲ, 5ರಿಂದ 6 ಸೆಂಟಿಮೀಟರ್ ಆಳಕ್ಕೆ ಎದೆ ಒತ್ತುವುದು. ಪಕ್ಕೆಲುಬು ಮುರಿಯಬಹುದು, ಮುರಿದದ್ದು ಕೈಗೆ ಗೊತ್ತಾಗುತ್ತದೆ. ಒತ್ತುವವರಿಗೆ ಬೇಗ ಸುಸ್ತಾಗುತ್ತದೆ, ಅದಕ್ಕೇ 2 ನಿಮಿಷಕ್ಕೊಮ್ಮೆ ಆಳು ಬದಲಾಗಬೇಕು. ನಿನ್ನವಳು ಕೂದಲೂ ಕೆದರದೆ ಒತ್ತುತ್ತಲೇ ಇದ್ದಾಳೆ.

ಎರಡನೆಯದು, ರಸ್ತೆಯಲ್ಲೇ ಇಕ್ಕಳ ಹಾಕಿ ಗುಂಡು ಹೊರಗೆ ತೆಗೆಯುವುದು. ದಯವಿಟ್ಟು ಬೇಡ. ಜೀವ ತೆಗೆಯುವುದು ಗುಂಡು ಮಾಡಿಕೊಂಡು ಹೋದ ಹಾನಿ, ಒಳಗೆ ಕೂತ ಲೋಹ ಅಲ್ಲ. ಎಷ್ಟೋ ಜನರಲ್ಲಿ ಗುಂಡನ್ನು ಒಳಗೇ ಬಿಟ್ಟುಬಿಡುತ್ತಾರೆ. ಮೂರನೆಯದು, ತಲೆಗೆ ಪೆಟ್ಟು ಬಿದ್ದು ಅರ್ಧ ಗಂಟೆ ಪ್ರಜ್ಞೆ ಇಲ್ಲದೆ ಇದ್ದ ಕಾವಲುಗಾರ ಎದ್ದು ಓಡಿಹೋಗುತ್ತಾನೆ. ಅಷ್ಟು ಹೊತ್ತು ಪ್ರಜ್ಞೆ ಇಲ್ಲ ಅಂದರೆ ಮಿದುಳಿಗೆ ಏಟಾಗಿದೆ. ಅವನಿಗೆ ಸ್ಕ್ಯಾನ್ ಆಗಬೇಕು.

ಆದರೆ ಆಟ ಆಟವೇ. ಕೈ ಮುರಿದವನನ್ನು ಆರು ವಾರ ಮನೆಯಲ್ಲಿ ಕೂರಿಸಿದರೆ ಅವನು ಸರ್ವರ್ ಬಿಟ್ಟು ಹೋಗುತ್ತಾನೆ. ಎಷ್ಟು ದಿನ ಕಟ್ಟು ಹಾಕಿಕೊಂಡು ಆಡುತ್ತೀರಿ ಅಂತ ಪಾತ್ರದ ಹೊರಗೆ ಮಾತಾಡಿಕೊಳ್ಳಿ. ರಕ್ತದ ವಿವರ ಎಷ್ಟು ಬೇಕು ಅನ್ನುವುದನ್ನೂ ಆಗಲೇ ಕೇಳಿಬಿಡು.

ಆಸ್ಪತ್ರೆಯಲ್ಲಿ ನಿನ್ನ ಡಾಕ್ಟರ್ ಒಬ್ಬರೇ ಎಲ್ಲ ಮಾಡುತ್ತಾರೆ. ಆಪರೇಷನ್‌ನಲ್ಲಿ ಅರಿವಳಿಕೆ ತಜ್ಞರು ಎಲ್ಲಿ? ನರ್ಸ್‌ಗೆ ಒಂದು ಮಾತೂ ಇಲ್ಲ ಯಾಕೆ? ರೋಗಿಯ ಸ್ಥಿತಿ ಬದಲಾದದ್ದನ್ನು ಎಷ್ಟೋ ಸಲ ಮೊದಲು ಗಮನಿಸುವುದು ನರ್ಸ್. ತುರ್ತಿನಲ್ಲಿ ಡಾಕ್ಟರ್ ‘ಅಡ್ರಿನಲಿನ್ 1 ಮಿಲಿಗ್ರಾಂ’ ಅಂದರೆ, ನರ್ಸ್ ಅದನ್ನೇ ತಿರುಗಿ ಹೇಳುತ್ತಾರೆ, ಕೊಟ್ಟ ಮೇಲೆ ‘ಕೊಟ್ಟಾಯ್ತು’ ಅನ್ನುತ್ತಾರೆ. ಹೇಳಿದ್ದು ತಪ್ಪಾಗಿ ಕೇಳಿಸದಿರಲಿ ಅಂತ ಇರುವ ಪದ್ಧತಿ ಇದು. ಟೈಪ್ ಮಾಡಿ ಆಡುವ ಆಟಕ್ಕೆ ಹೇಳಿ ಮಾಡಿಸಿದ ಹಾಗಿದೆ: ಇನ್ನೊಬ್ಬ ಆಟಗಾರನಿಗೂ ಕೆಲಸ ಸಿಗುತ್ತದೆ.

ಗುಟ್ಟಿನ ವಿಷಯವನ್ನೂ ಬಿಡಬೇಡ. ರೋಗಿ ಹೇಳಿದ್ದನ್ನು ಡಾಕ್ಟರ್ ಕಂಡಕಂಡವರಿಗೆ ಹೇಳುವ ಹಾಗಿಲ್ಲ. ಪೊಲೀಸ್ ಪಾತ್ರದವನು ಬಾಗಿಲಲ್ಲಿ ನಿಂತು ‘ಯಾರ ಹೆಸರು ಹೇಳಿದ?’ ಅಂತ ಕೇಳಿದಾಗ ನಿನ್ನವಳು ಏನು ಮಾಡುತ್ತಾಳೆ? ಕಾನೂನು ಕೆಲವು ಕಡೆ ಗುಂಡೇಟನ್ನು ವರದಿ ಮಾಡಲೇಬೇಕು ಅನ್ನುತ್ತದೆ, ಆದರೆ ಅವನು ಅರೆಪ್ರಜ್ಞೆಯಲ್ಲಿ ತೊದಲಿದ ಹೆಸರು ಬೇರೆ ಮಾತು. ನನ್ನನ್ನು ಕೇಳಿದರೆ ನಿನ್ನ ಇಡೀ ಸೀನ್‌ನ ಜೀವ ಇಲ್ಲಿದೆ, ಗುಂಡು ತೆಗೆಯುವುದರಲ್ಲಿ ಅಲ್ಲ.

ಹಳೆಯ ಕಾಲದ ಕಥೆ ಆಡುವ ಸರ್ವರ್‌ಗೂ ಸೇರುತ್ತೀನಿ ಅಂದಿದ್ದೀಯಲ್ಲ, ಕಾಲ ನೋಡಿಕೋ. ಪ್ರಜ್ಞೆ ತಪ್ಪಿಸಲು ಈಥರ್ ಕೊಟ್ಟು ಆಪರೇಷನ್ ಮಾಡುವುದನ್ನು ಜನರ ಮುಂದೆ ತೋರಿಸಿದ್ದು 1846ರಲ್ಲಿ. ಎಕ್ಸ್‌ರೇ ಬಂದದ್ದು 1895ರಲ್ಲಿ. ಪೆನಿಸಿಲಿನ್ 1928ರಲ್ಲೇ ಕಣ್ಣಿಗೆ ಬಿದ್ದರೂ ರೋಗಿಗಳಿಗೆ ಸಿಕ್ಕಿದ್ದು 1940ರ ದಶಕದಲ್ಲಿ.

ಇನ್ನೊಂದು ಮಾತು. ಡಾಕ್ಟರ್ ಪಾತ್ರ ಚೆನ್ನಾಗಿ ಆಡುವವರಿಗೆ ಯಾರಾದರೂ ಖಾಸಗಿಯಾಗಿ ಮೆಸೇಜ್ ಮಾಡಿ ತಮ್ಮ ನಿಜವಾದ ಎದೆನೋವಿನ ಬಗ್ಗೆ ಕೇಳಬಹುದು. ಆಗ ಕೂಡಲೇ ಪಾತ್ರದಿಂದ ಹೊರಗೆ ಬಾ. ‘ನಾನು ಡಾಕ್ಟರ್ ಅಲ್ಲ, ಈಗಲೇ ಆಸ್ಪತ್ರೆಗೆ ಹೋಗಿ’ ಅಂತ ನೇರವಾಗಿ ಹೇಳು.

ತಿದ್ದಿದ್ದನ್ನು ಕಳಿಸು. ಪೊಲೀಸ್ ಬರುವ ಭಾಗವನ್ನು ಮೊದಲು ಬರೆ.

ನಿನ್ನ ಅಣ್ಣ