ಬೆಳಕಿನ ಚಿಪ್: ಪೂರ್ತಿ ಲೆಕ್ಕ ಹೇಳಿ

ಮಾನ್ಯರೇ,

ಎಐ ಸಿಕ್ಕಾಪಟ್ಟೆ ಕರೆಂಟು ನುಂಗುತ್ತಿದೆ, ವಿದ್ಯುತ್ತಿನ ಬದಲು ಬೆಳಕಿನಿಂದ ಲೆಕ್ಕ ಮಾಡುವ ‘ಬೆಳಕಿನ ಚಿಪ್’ ಬಂದರೆ ಎಲ್ಲ ಸರಿಹೋಗುತ್ತದೆ ಎಂಬಂಥ ಸುದ್ದಿಗಳು ಈಗ ಜಾಸ್ತಿಯಾಗಿವೆ. ವಿಷಯ ಒಳ್ಳೆಯದೇ. ಆದರೆ ಅರ್ಧ ಲೆಕ್ಕ ಮಾತ್ರ ಹೇಳಿದರೆ ಹೇಗೆ?

ಮಳೆ ನಿಂತ ಮೇಲೆ ರಸ್ತೆಯ ನೀರಿನಲ್ಲಿ ಪೆಟ್ರೋಲ್ ಹನಿ ಬಣ್ಣಬಣ್ಣವಾಗಿ ಹರಡುತ್ತದಲ್ಲ, ಅಲ್ಲಿ ಬೆಳಕಿನ ಅಲೆಗಳು ಒಂದರ ಮೇಲೊಂದು ಬಿದ್ದು ಕೆಲವು ಬಣ್ಣ ಗಾಢವಾಗುತ್ತವೆ, ಕೆಲವು ಮಾಯವಾಗುತ್ತವೆ. ಈ ಚಿಪ್ ನಂಬಿಕೊಂಡಿರುವುದೂ ಅದೇ ಆಟವನ್ನು. ಎಐ ಒಳಗೆ ಲೆಕ್ಕ ಮಾಡುವ ಜಾಲವಾದ ನ್ಯೂರಲ್ ನೆಟ್‌ವರ್ಕ್‌ನ ಕೆಲಸದಲ್ಲಿ ಬಹುಪಾಲು ಗುಣಿಸುವುದು, ಕೂಡಿಸುವುದು. ಬೆಳಕು ಚಿಪ್ ದಾಟುವಷ್ಟರಲ್ಲಿ ಅದು ಮುಗಿದಿರುತ್ತದೆ. 2017ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದವರು ಇಂಥ ಚಿಪ್‌ಗೆ ಮಾತಿನ ನಾಲ್ಕು ಸ್ವರಗಳನ್ನು ಗುರುತಿಸಲು ಕೊಟ್ಟರು. ಸರಿಯುತ್ತರ ನೂರಕ್ಕೆ ಸುಮಾರು 77. ಮಾಮೂಲಿ ಕಂಪ್ಯೂಟರ್ 90 ದಾಟಿತ್ತು. (ನಮ್ಮ ಅ, ಆ, ಇ, ಈ ಕೊಟ್ಟಿದ್ದರೆ ಏನಾಗುತ್ತಿತ್ತೋ!) 2024ರಲ್ಲಿ ಅಲ್ಲಿಯದೇ ಇನ್ನೊಂದು ಚಿಪ್ ಅರ್ಧ ನ್ಯಾನೋಸೆಕೆಂಡ್ (ಒಂದು ನ್ಯಾನೋಸೆಕೆಂಡ್ ಎಂದರೆ ಸೆಕೆಂಡಿನ ನೂರು ಕೋಟಿಯಲ್ಲೊಂದು ಪಾಲು) ಒಳಗೆ ಲೆಕ್ಕ ಮುಗಿಸಿ 92 ದಾಟಿತು.

ತೊಡಕಿರುವುದು ಎರಡು ತುದಿಗಳಲ್ಲಿ. ಮಾಹಿತಿ ಕೂತಿರುವುದು ಮಾಮೂಲಿ ಮೆಮೊರಿಯಲ್ಲಿ. ಅದನ್ನು ಬೆಳಕಾಗಿ ಬದಲಿಸಬೇಕು, ಉತ್ತರವನ್ನು ಮತ್ತೆ ವಿದ್ಯುತ್ತಿಗೆ ತರಬೇಕು. ಅದಕ್ಕೂ ಕರೆಂಟು ಬೇಕು, ಲೇಸರ್‌ಗೂ ಬೇಕು. ಹೈವೇಯಲ್ಲಿ ಭರ್‍ರನೆ ಹೋಗಿ, ಉಳಿಸಿದ ಹೊತ್ತನ್ನೆಲ್ಲ ಟೋಲ್ ಸಾಲಿನಲ್ಲಿ ಕಳೆದ ಹಾಗೆ, ಅಲ್ವಾ?

ಹಾಗಾಗಿ ‘ಇಷ್ಟು ಪಟ್ಟು ಉಳಿತಾಯ’ ಎಂದು ಸುಮ್ನೆ ಹೆಡ್‌ಲೈನ್ ಹಾಕಬೇಡಿ. ಅದು ಚಿಪ್‌ನ ನಡುಭಾಗದ ಲೆಕ್ಕವೋ, ಗೋಡೆಯ ಪ್ಲಗ್‌ನಿಂದ ಅಳೆದದ್ದೋ ಎಂದು ಒಂದು ಸಾಲು ಸೇರಿಸಿ.

– ನಿವೃತ್ತ ಭೌತಶಾಸ್ತ್ರ ಶಿಕ್ಷಕ, ತಿಪಟೂರು