ತೊಡೆಸಂದಿನ ತುರಿಕೆ: ನಾಚಿಕೆ ಬಿಟ್ಟು ಮಾತಾಡೋಣ

ಮಾನ್ಯ ಸಂಪಾದಕರೇ,

ಮಳೆಗಾಲ ಬಂದರೆ ಕೊಡಗಿನ ತೋಟಗಳಲ್ಲಿ ಜಿಗಣೆ ಕಾಟದ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ತೊಡೆಸಂದಿನ ತುರಿಕೆ ಬಗ್ಗೆ ಮಾತ್ರ ಯಾರೂ ಬಾಯಿ ಬಿಡುವುದಿಲ್ಲ. ಗಂಡಸರು ಮೆಡಿಕಲ್ ಅಂಗಡಿಯಲ್ಲಿ ಪಿಸುಗುಟ್ಟಿ ಟ್ಯೂಬ್ ತರುತ್ತಾರೆ, ಹೆಂಗಸರು ಅದನ್ನೂ ಮಾಡದೆ ಸುಮ್ನೆ ಸಹಿಸಿಕೊಳ್ಳುತ್ತಾರೆ.

ಇದು ಕೆಟ್ಟ ಚಾಳಿಯಿಂದ ಬಂದದ್ದಲ್ಲ, ಬದನೆಕಾಯಿ ತಿಂದು ಆದ ನಂಜೂ ಅಲ್ಲ. ಮೈಮೇಲೆ ಹುಳುಕಡ್ಡಿ, ಗಜಕರ್ಣ ಅಂತ ಬರುತ್ತದಲ್ಲ, ಅದೇ ಇದು, ಜಾಗ ಬೇರೆ ಅಷ್ಟೇ. ಟ್ರೈಕೊಫೈಟಾನ್ ಗುಂಪಿನ ಶಿಲೀಂಧ್ರಗಳೇ ಹೆಚ್ಚಾಗಿ ಇದಕ್ಕೆ ಕಾರಣ. ಬೆಚ್ಚಗಿನ, ತೇವದ, ಗಾಳಿಯಾಡದ ಜಾಗ ಸಿಕ್ಕರೆ ಅವು ಹಬ್ಬುತ್ತವೆ.

ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಂಥ ಜಾಗಕ್ಕೆ ಬರವೇ? ಬೆಳಿಗ್ಗೆ ಪ್ಲಾಸ್ಟಿಕ್ ಕೋಟು, ಗಂಬೂಟು ಹಾಕಿ ಕಳೆ ತೆಗೆಯಲು ಹೋದವರು ಸಂಜೆ ಬರುವಾಗ ಹೊರಗೆ ಮಳೆಯಿಂದ, ಒಳಗೆ ಬೆವರಿನಿಂದ ಒದ್ದೆಯಾಗಿರುತ್ತಾರೆ. ತೋಟದ ಕಾರ್ಮಿಕರು ಸಾಲಾಗಿ ವಾಸಿಸುವ ಲೈನ್ ಮನೆಯಲ್ಲಿ ಒಳಉಡುಪು ವಾರವಾದರೂ ಸರಿಯಾಗಿ ಒಣಗುವುದಿಲ್ಲ, ಅದನ್ನೇ ಹಾಕಬೇಕು, ಬೇರೆ ದಾರಿಯಿಲ್ಲ. ಮನೆಮಂದಿಗೆಲ್ಲ ಒಂದೇ ಟವೆಲ್. ಗಂಬೂಟಿನೊಳಗೆ ಬೆರಳ ಸಂದಿಯಲ್ಲಿ ಶುರುವಾದ ಸೋಂಕು ಕಾಲು ಒರೆಸಿದ ಅದೇ ಟವೆಲ್‌ನಿಂದ ತೊಡೆಗೆ ಹತ್ತುತ್ತದೆ. ಇದು ಬಹಳ ಜನಕ್ಕೆ ಗೊತ್ತಿಲ್ಲ, ಹಾಗಾಗಿ ತೊಡೆಗೆ ಮಾತ್ರ ಔಷಧಿ ಹಚ್ಚಿ ಕಾಲನ್ನು ಮರೆಯುತ್ತಾರೆ, ಅದು ಮತ್ತೆ ಬರುತ್ತದೆ. ಸಕ್ಕರೆ ಕಾಯಿಲೆ ಇದ್ದವರಿಗೆ, ಮೈ ದಪ್ಪ ಇದ್ದವರಿಗೆ ಇನ್ನೂ ಜಾಸ್ತಿ.

ನನಗೆ ಸಿಟ್ಟು ಬರುವುದು ಆ ಟ್ಯೂಬ್‌ಗಳ ಬಗ್ಗೆ. ಸ್ಟಿರಾಯ್ಡ್ ಬೆರೆಸಿದ ಮುಲಾಮು ಎರಡು ದಿನದಲ್ಲಿ ತುರಿಕೆ ನಿಲ್ಲಿಸುತ್ತದೆ, ವಾಸಿಯಾಯಿತು ಅನಿಸುತ್ತದೆ. ಆದರೆ ಅದು ಚರ್ಮದ ಪ್ರತಿರೋಧವನ್ನು ಕುಗ್ಗಿಸಿ ಶಿಲೀಂಧ್ರ ಒಳಗೊಳಗೇ ಹರಡಲು ಬಿಡುತ್ತದೆ, ಚರ್ಮ ತೆಳುವಾಗಿ ಬರೆ ಬೀಳುತ್ತದೆ. 2018ರಲ್ಲೇ ಕೇಂದ್ರ ಸರ್ಕಾರ ಇಂಥ ಹಲವು ಮುಲಾಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿದೆ. ಆದರೂ ಕೇಳಿದವರಿಗೆಲ್ಲ ಸಿಗುತ್ತದೆ! ಶಿಲೀಂಧ್ರ ಕೊಲ್ಲುವ ಟೆರ್ಬಿನಾಫಿನ್‌ನಂಥ ಒಳ್ಳೆಯ ಔಷಧಿಗೂ ಬಗ್ಗದ ಶಿಲೀಂಧ್ರ ತಳಿ ಈಗ ನಮ್ಮ ದೇಶದಲ್ಲಿ ಹರಡಿದೆ, ಅರ್ಧಕ್ಕೆ ಔಷಧಿ ಬಿಡುವುದು ಅಪಾಯ.

ತೋಟದ ಮಾಲೀಕರಲ್ಲಿ ಒಂದು ಕೋರಿಕೆ. ಲೈನ್ ಮನೆಗಳ ಪಕ್ಕ ಬೆಂಕಿ ಹಾಕಿ ಬಟ್ಟೆ ಒಣಗಿಸಲು ಒಂದು ಶೆಡ್ ಕಟ್ಟಿಸಿಕೊಡಿ, ದೊಡ್ಡ ಖರ್ಚೇನಲ್ಲ. ಆಶಾ ಕಾರ್ಯಕರ್ತೆಯರು ಜ್ವರ ವಿಚಾರಿಸುವಾಗ ಇದನ್ನೂ ಕೇಳಲಿ. ಔಷಧ ನಿಯಂತ್ರಣ ಇಲಾಖೆಯವರು ಈ ಮಳೆಗಾಲ ಮುಗಿಯುವುದರೊಳಗೆ ಜಿಲ್ಲೆಯ ಔಷಧಿ ಅಂಗಡಿಗಳನ್ನು ಒಮ್ಮೆ ತಪಾಸಣೆ ಮಾಡಲಿ.

- ಒಬ್ಬ ಓದುಗ, ಸುಂಟಿಕೊಪ್ಪ