ಎಚ್‌ಆರ್ ಕೋಣೆಯ ಬಾಗಿಲು ತಟ್ಟಿದವರಿಗೆ

ಬರ್ನ್‌ಔಟ್ ಆಗಿ, ಅಂದರೆ ಕೆಲಸದ ಒತ್ತಡದಲ್ಲಿ ಪೂರ್ತಿ ಬಳಲಿ, ರಜೆ ಹೋಗಿದ್ದ ನಾನು ಕೆಲಸಕ್ಕೆ ವಾಪಸ್ ಬಂದು ಈ ಯುಗಾದಿಗೆ ಒಂದು ವರ್ಷ ತುಂಬಿತು. ರಜೆಯಲ್ಲಿದ್ದಾಗ, ಮತ್ತೆ ಎಚ್‌ಆರ್ ಕುರ್ಚಿಯಲ್ಲಿ ಕೂರುತ್ತೇನೆ ಎಂಬ ನಂಬಿಕೆ ನನಗೆ ಇರಲಿಲ್ಲ. ಈಗ ಕೂತಿದ್ದೇನೆ. ಇಷ್ಟಪಟ್ಟೇ ಕೂತಿದ್ದೇನೆ. ಇದು ನನ್ನೊಬ್ಬಳಿಂದ ಆದ ಕೆಲಸ ಅಲ್ಲ. ಅದಕ್ಕೇ ಎಲ್ಲರ ಎದುರು ಥ್ಯಾಂಕ್ಸ್ ಹೇಳಬೇಕು ಅನ್ನಿಸಿತು. ಯಾರ ಹೆಸರನ್ನೂ ಬರೆಯುವುದಿಲ್ಲ. ಓದಿದರೆ ಅವರಿಗೆ ಗೊತ್ತಾಗುತ್ತದೆ.

ಪರಿಚಯ ಇಲ್ಲದವರಿಗೆ ಎರಡು ಮಾತು. ನಾನು ಧಾರವಾಡದಲ್ಲಿ ಎಂಎಸ್‌ಡಬ್ಲ್ಯು, ಅಂದರೆ ಸಮಾಜಕಾರ್ಯದ ಸ್ನಾತಕೋತ್ತರ ಪದವಿ, ಓದಿದವಳು. ಪೀಣ್ಯದ ಒಂದು ಕಾರ್ಖಾನೆಗೆ ವೆಲ್‌ಫೇರ್ ಆಫೀಸರ್ ಆಗಿ ಸೇರಿದೆ. 500 ಅಥವಾ ಅದಕ್ಕಿಂತ ಜಾಸ್ತಿ ಕಾರ್ಮಿಕರಿರುವ ಕಡೆ ಈ ಹುದ್ದೆ ಇರಬೇಕು ಅಂತ 1948ರ ಕಾರ್ಖಾನೆ ಕಾಯ್ದೆಯ 49ನೇ ಸೆಕ್ಷನ್ ಹೇಳಿತ್ತು. ಕ್ಯಾಂಟೀನ್, ಶಿಶುವಿಹಾರ, ಕಾರ್ಮಿಕರ ಕುಂದುಕೊರತೆ, ಇವು ಆಗ ನನ್ನ ಕೆಲಸ. ವರ್ಷಗಳು ಕಳೆದ ಹಾಗೆ ನೇಮಕಾತಿ ಸೇರಿತು. ಅಪ್ರೈಸಲ್ ಸೇರಿತು. ಲೈಂಗಿಕ ಕಿರುಕುಳದ ದೂರು ವಿಚಾರಿಸುವ ಆಂತರಿಕ ಸಮಿತಿಯೂ ಸೇರಿತು. ಮೊದಲು ಇದ್ದ ಕೆಲಸದಲ್ಲಿ ಯಾವುದೂ ಕಡಿಮೆ ಆಗಲಿಲ್ಲ.

ಮೊದಲ ಥ್ಯಾಂಕ್ಸ್ ನಮ್ಮ ಪೇರೋಲ್ ಹುಡುಗನಿಗೆ. ನನ್ನ ಕಷ್ಟವನ್ನು ನನಗಿಂತ ಮುಂಚೆ ಕಂಡವನು ಅವನು. ಒಂದು ಸಂಜೆ ಬಾಗಿಲು ತಟ್ಟಿ ಒಳಗೆ ಬಂದ. "ಮೇಡಂ, ನೀವು ಶಾಪ್‌ಫ್ಲೋರ್‌ಗೆ ಬರೋದೇ ಬಿಟ್ಟಿದ್ದೀರಲ್ಲ" ಅಂದ. ಕೆಲಸ ಜಾಸ್ತಿ ಇದೆಯಪ್ಪ ಅಂದೆ. ಅವನು ಒಪ್ಪಲಿಲ್ಲ. "ಕೆಲಸ ಜಾಸ್ತಿ ಇದ್ದಾಗ ನೀವು ಇನ್ನೂ ಜಾಸ್ತಿ ಓಡಾಡ್ತೀರಿ ಮೇಡಂ. ಈಗ ಓಡಾಟವೇ ನಿಂತಿದೆ" ಅಂದ. ಆಮೇಲೆ ಒಂದೊಂದಾಗಿ ಹೇಳಿದ. ಮೇಲ್‌ಗಳಿಗೆ ಒಂದೇ ಪದದಲ್ಲಿ ಉತ್ತರ ಬರುತ್ತಿದೆ. ಮಧ್ಯಾಹ್ನದ ಊಟಕ್ಕೆ ಕ್ಯಾಂಟೀನ್‌ಗೆ ಇಳಿಯುತ್ತಿಲ್ಲ. ಯಾರಾದರೂ ಬಂದು ಅಪ್ಪ ಹೋಗಿಬಿಟ್ಟರು ಅಂದರೆ, ಮುಖ ನೋಡುವ ಮೊದಲು ಕಂಪ್ಯೂಟರ್‌ನಲ್ಲಿ ಅವರ ರಜೆ ಎಷ್ಟು ಉಳಿದಿದೆ ಅಂತ ನೋಡುತ್ತೇನೆ. ಅವನ ಮಾತಿನಲ್ಲಿ ದೂರು ಇರಲಿಲ್ಲ, ಗಾಬರಿ ಇತ್ತು. ತನಗಿಂತ ಮೇಲಿನವರಿಗೆ ಇಷ್ಟು ಹೇಳಲು ಎಷ್ಟು ಧೈರ್ಯ ಬೇಕು ಅಂತ ನನಗೆ ಗೊತ್ತು. ತಮ್ಮಾ, ನೀನು ಅವತ್ತು ಸುಮ್ನೆ ಮನೆಗೆ ಹೋಗಿಬಿಡಬಹುದಿತ್ತು. ಹೋಗಲಿಲ್ಲ.

ಆ ವಾರದಲ್ಲೇ ಒಂದು ರಾತ್ರಿ ನಿದ್ದೆ ಬಾರದೆ 14416ಕ್ಕೆ ಫೋನ್ ಮಾಡಿದೆ. ಅದು ಟೆಲಿ ಮಾನಸ್ ಸಹಾಯವಾಣಿ. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಶುರು ಮಾಡಿದ್ದು. ಹಗಲು ರಾತ್ರಿ ಇರುತ್ತದೆ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲಿ ಮಾತಾಡಬಹುದು. ಆ ನಂಬರಿನ ಪೋಸ್ಟರನ್ನು ನಮ್ಮ ನೋಟಿಸ್ ಬೋರ್ಡಿಗೆ ಹಾಕಿಸಿದ್ದು ನಾನೇ. ಅದು ಎಚ್‌ಆರ್‌ನವರಿಗೂ ಇದೆ ಅನ್ನುವುದು ತಲೆಗೆ ಹೊಳೆದಿರಲಿಲ್ಲ. ಆ ಕಡೆ ಇದ್ದ ಹೆಣ್ಣುಮಗಳು ಆತುರ ಮಾಡಲಿಲ್ಲ. ನಾನು ಮಾತು ನಿಲ್ಲಿಸಿದಾಗಲೂ ಲೈನಿನಲ್ಲೇ ಇದ್ದಳು. ಡಾಕ್ಟರನ್ನು ಕಾಣಿ ಅಂತ ಹೇಳಿದ್ದು ಅವಳೇ. ಅವಳು ಯಾರೋ ನನಗೆ ಗೊತ್ತಿಲ್ಲ, ಈ ಬರಹ ಅವಳಿಗೆ ತಲುಪಲಿ.

ಡಾಕ್ಟರ್ ಅವಸರದಲ್ಲಿ ಏನನ್ನೂ ತೀರ್ಮಾನ ಮಾಡಲಿಲ್ಲ. ಥೈರಾಯ್ಡ್, ಬಿ12 ಪರೀಕ್ಷೆ ಮಾಡಿಸಲು ಹೇಳಿದರು. ಖಿನ್ನತೆ ಇದೆಯೇ ಅಂತ ಬೇರೆಯಾಗಿ ವಿಚಾರಿಸಿದರು. ಬರ್ನ್‌ಔಟ್, ಖಿನ್ನತೆ ಎರಡೂ ಒಟ್ಟಿಗೇ ಇರಬಹುದು, ಖಿನ್ನತೆ ಇದ್ದರೆ ಅದಕ್ಕೆ ಅದರದೇ ಚಿಕಿತ್ಸೆ ಬೇಕು ಅಂದರು. ಆಮೇಲೆ ಬರ್ನ್‌ಔಟ್ ಬಗ್ಗೆ ಬಿಡಿಸಿ ಹೇಳಿದರು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಪ್ಪಿದ ರೋಗ ವರ್ಗೀಕರಣದ ಪಟ್ಟಿಯಲ್ಲಿ (ಐಸಿಡಿ-11) ಇದನ್ನು ಕಾಯಿಲೆ ಅಂತ ಸೇರಿಸಿಲ್ಲ. ಕೆಲಸದ ಜಾಗದ ಒತ್ತಡ ತುಂಬಾ ಕಾಲ ಹಾಗೇ ಉಳಿದು, ಯಾರೂ ಅದನ್ನು ಸರಿಮಾಡದೆ ಹೋದಾಗ ಆಗುವ ಸ್ಥಿತಿ ಅಂತ ಬರೆದಿದೆ. ಮೈಯಲ್ಲಿ ತ್ರಾಣ ಇರುವುದಿಲ್ಲ. ಕೆಲಸದಿಂದ ಮನಸ್ಸು ದೂರ ಸರಿಯುತ್ತದೆ, ಅದರ ಮೇಲೆ ಕಹಿ ಹುಟ್ಟುತ್ತದೆ. ಏನು ಮಾಡಿದರೂ ಕೈಯಲ್ಲಿ ಆಗುತ್ತಿಲ್ಲ ಅನ್ನಿಸುತ್ತದೆ. ನನಗೆ ಮೂರೂ ಇದ್ದವು. "ನೀವು ರೆಸ್ಟ್ ತಗೊಳ್ಳಿ. ಆದರೆ ನೀವು ಬರುವುದರೊಳಗೆ ಆ ಕೆಲಸವೂ ಸ್ವಲ್ಪ ಬದಲಾಗಿರಬೇಕು" ಅಂದರು ಡಾಕ್ಟರ್. ಅಲ್ಲಿಯವರೆಗೆ ನಾನೇ ದುರ್ಬಲಳಾದೆ ಅಂದುಕೊಂಡಿದ್ದೆ. ಆ ಒಂದು ಮಾತಿಗೆ ನಾನು ಅವರಿಗೆ ಋಣಿ.

ಎಚ್‌ಆರ್‌ನವರಿಗೆ ಏನು ಕಷ್ಟ, ಏಸಿ ರೂಮು, ಫೈಲು, ಸಹಿ, ಅಷ್ಟೇ ಅಲ್ವಾ ಅಂತ ಕೆಲವರು ಕೇಳುತ್ತಾರೆ. ಅವರಿಗಾಗಿ ಸ್ವಲ್ಪ ಬಿಡಿಸಿ ಬರೆಯುತ್ತೇನೆ.

2021ರ ಕೋವಿಡ್ ಎರಡನೇ ಅಲೆ ನೆನಪಿರಬಹುದು. ಬೆಂಗಳೂರಿನಲ್ಲಿ ಬೆಡ್ ಇಲ್ಲ, ಆಕ್ಸಿಜನ್ ಇಲ್ಲ. ಕಾರ್ಮಿಕರ ಮನೆಯವರು ಮೊದಲು ಫೋನ್ ಮಾಡುತ್ತಿದ್ದದ್ದು ನಮಗೆ. ತೀರಿಕೊಂಡವರ ಹೆಂಡತಿಯರ ಜೊತೆ ಕೂತು ಪಿಎಫ್, ಪೆನ್ಷನ್, ಇಡಿಎಲ್‌ಐ (ಪಿಎಫ್ ಜೊತೆಗೇ ಬರುವ ಜೀವ ವಿಮೆ) ಅರ್ಜಿ ತುಂಬಿಸಿದೆವು. ಆ ವಿಮೆಯ ಗರಿಷ್ಠ ಮೊತ್ತ ಅದೇ ಏಪ್ರಿಲ್‌ನಲ್ಲಿ 6 ಲಕ್ಷದಿಂದ 7 ಲಕ್ಷ ರೂಪಾಯಿಗೆ ಏರಿತ್ತು. ನಾಮಿನಿ ಕಾಲಂನಲ್ಲಿ ಮದುವೆಗೆ ಮುಂಚಿನ ಹೆಸರು ಇರುತ್ತಿತ್ತು. ಆಧಾರ್‌ನಲ್ಲಿ ಇನಿಷಿಯಲ್ ಬೇರೆ, ಬ್ಯಾಂಕಿನಲ್ಲಿ ಬೇರೆ. ಒಂದು ಅಕ್ಷರಕ್ಕೆ ಅರ್ಜಿ ವಾಪಸ್ ಬಂದರೆ, ಆ ಹೆಣ್ಣುಮಕ್ಕಳಿಗೆ ಮತ್ತೆ ಫೋನ್ ಮಾಡಿ ಹೇಳಬೇಕು. ಆ ಕೆಲಸ ಮಾಡಿದ್ದಕ್ಕೆ ನನಗೆ ಇವತ್ತಿಗೂ ಹೆಮ್ಮೆ ಇದೆ. ಆದರೆ ಅದು ಮುಗಿದ ಮೇಲೆ ನಾವು ಯಾರೂ ಒಂದು ಕಡೆ ಕೂತು ಅದರ ಬಗ್ಗೆ ಮಾತಾಡಲಿಲ್ಲ. ಮಾರನೇ ತಿಂಗಳು ನೇಮಕಾತಿ ಟಾರ್ಗೆಟ್ ಬಂತು.

ಅದಕ್ಕಿಂತ ಭಾರ ಅನ್ನಿಸಿದ್ದು ಇನ್ನೊಂದು. ಕೆಲವು ವರ್ಷಗಳ ನಂತರ ಒಂದು ವಿಭಾಗ ಮುಚ್ಚುವ ತೀರ್ಮಾನ ಆಯಿತು. ತೀರ್ಮಾನ ಮೇಲಿನವರದ್ದು. ಪಟ್ಟಿ ಮಾತ್ರ ನನ್ನ ಲ್ಯಾಪ್‌ಟಾಪ್‌ನಲ್ಲಿ. ಘೋಷಣೆಯಾಗುವವರೆಗೆ ಯಾರಿಗೂ ಹೇಳುವಂತಿಲ್ಲ. ಆ ಪಟ್ಟಿಯಲ್ಲಿದ್ದ ಒಬ್ಬ ಸೂಪರ್‌ವೈಸರ್ ನನ್ನ ಟೇಬಲ್ ಮುಂದೆ ಕೂತು ಸ್ಯಾಲರಿ ಸರ್ಟಿಫಿಕೇಟ್ ಕೇಳಿದರು. ನೆಲಮಂಗಲದ ಹತ್ತಿರ ಸೈಟು ನೋಡಿದ್ದಾರಂತೆ, ಲೋನ್‌ಗೆ ಬೇಕಂತೆ. "ಈಗ ತಗೊಳ್ಳಬಹುದಾ ಮೇಡಂ, ನೀವೇನಂತೀರಿ?" ಅಂತ ಕೇಳಿದರು. ಆ ಪ್ರಶ್ನೆಗೆ ಎಚ್‌ಆರ್‌ನವರು ಕೊಡಬಹುದಾದ ಒಳ್ಳೆಯ ಉತ್ತರ ಯಾವುದೂ ಇಲ್ಲ. ಬೇಡ ಅಂದರೆ ಗುಟ್ಟು ಬಿಟ್ಟುಕೊಟ್ಟ ಹಾಗೆ. ತಗೊಳ್ಳಿ ಅಂದರೆ ಮನುಷ್ಯತ್ವ ಬಿಟ್ಟ ಹಾಗೆ. ಮನೆಯಲ್ಲಿ ಎಲ್ಲರ ಜೊತೆ ಮಾತಾಡಿ ನೋಡಿ ಅಂತ ಏನೋ ಹೇಳಿ ಕಳಿಸಿದೆ. ನಮ್ಮ ಕೆಲಸದಲ್ಲಿ ಇರುವ ಯಾರನ್ನು ಬೇಕಾದರೂ ಕೇಳಿ. ಇಂಥ ಒಬ್ಬರ ಮುಖ ಪ್ರತಿಯೊಬ್ಬರಿಗೂ ನೆನಪಿರುತ್ತದೆ.

ಆಂತರಿಕ ಸಮಿತಿಯದ್ದೂ ಹಾಗೇ. 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆ ಪ್ರಕಾರ ವಿಚಾರಣೆ 90 ದಿನದಲ್ಲಿ ಮುಗಿಯಬೇಕು. ಅಲ್ಲಿ ಕೇಳಿದ್ದನ್ನು ಹೊರಗೆ ಹೇಳುವಂತಿಲ್ಲ. ಅದು ಸರಿಯಾದ ನಿಯಮ, ಇರಲೇಬೇಕಾದ ನಿಯಮ. ಆದರೆ ಒಬ್ಬ ಹುಡುಗಿ ಅಳುತ್ತಾ ಹೇಳಿದ್ದನ್ನು ಕೇಳಿದ ಮನಸ್ಸು ಮನೆಗೆ ಬಂದು ಅನ್ನ ಕಲಸುವಾಗಲೂ ಅದನ್ನೇ ಕೇಳುತ್ತಿರುತ್ತದೆ. ಗಂಡನಿಗೂ ಹೇಳುವಂತಿಲ್ಲ. ಕಾರ್ಮಿಕರು ನಮ್ಮನ್ನು ಮ್ಯಾನೇಜ್‌ಮೆಂಟ್ ಕಡೆಯವರು ಅನ್ನುತ್ತಾರೆ. ಮ್ಯಾನೇಜ್‌ಮೆಂಟ್ ನಮ್ಮನ್ನು ಕಾರ್ಮಿಕರ ಕಡೆಯವರು ಅನ್ನುತ್ತದೆ. ಮಾತಾಡಿ ಹಗುರ ಆಗೋಣ ಅಂದರೆ ಎರಡೂ ಕಡೆ ಜನ ಇಲ್ಲ.

ಇಲ್ಲಿ ನಮ್ಮ ಪ್ಲಾಂಟ್ ಹೆಡ್‌ಗೆ ದೊಡ್ಡ ನಮಸ್ಕಾರ. ಡಾಕ್ಟರ್ ಹೇಳಿದ್ದನ್ನು ಅವರ ಮುಂದೆ ಇಟ್ಟಾಗ "ರೆಸ್ಟ್ ಮಾಡಿ ಬನ್ನಿ, ಎಲ್ಲ ಸರಿಹೋಗುತ್ತೆ" ಅಂದು ಕೈತೊಳೆದುಕೊಳ್ಳಲಿಲ್ಲ. ಸಂಬಳದ ಸಮೇತ ರಜೆ ಕೊಟ್ಟರು. ಅಷ್ಟಕ್ಕೇ ಬಿಡದೆ ಕೆಲಸವನ್ನೂ ಬಿಚ್ಚಿ ನೋಡಿದರು. ಯಾರನ್ನಾದರೂ ಕೆಲಸದಿಂದ ತೆಗೆಯುವ ತೀರ್ಮಾನ ಮಾಡಿದ ಮ್ಯಾನೇಜರ್ ಈಗ ತಾನೇ ಎದುರು ಕೂತು ಆ ಮಾತು ಹೇಳಬೇಕು. ಎಚ್‌ಆರ್‌ನವರು ಪಕ್ಕದಲ್ಲಿರುತ್ತಾರೆ, ಲೆಕ್ಕ ಮತ್ತು ಹಕ್ಕುಗಳನ್ನು ವಿವರಿಸುತ್ತಾರೆ. ಈ ಒಂದು ಬದಲಾವಣೆಯಿಂದ ನನ್ನ ಅರ್ಧ ಭಾರ ಇಳಿಯಿತು. ಇನ್ನೊಂದು ಪರಿಣಾಮವನ್ನೂ ನೋಡಿದೆ. ತಾವೇ ಹೇಳಬೇಕು ಅಂದ ಮೇಲೆ ಮ್ಯಾನೇಜರ್‌ಗಳು ಹೆಸರು ಬರೆಯುವ ಮುಂಚೆ ಇನ್ನೊಮ್ಮೆ ಯೋಚಿಸುತ್ತಾರೆ.

ರಾತ್ರಿ ಪಾಳಿಯ ಫೋನ್ ಮೊದಲು ನನ್ನ ಮೊಬೈಲ್‌ಗೇ ಬರುತ್ತಿತ್ತು. ಈಗ ಅದಕ್ಕೊಂದು ಡ್ಯೂಟಿ ಫೋನ್ ಇದೆ. ವಾರಕ್ಕೊಬ್ಬರ ಸರದಿ. ಅಡ್ಮಿನ್‌ನವರೂ ಪ್ರೊಡಕ್ಷನ್‌ನವರೂ ಸರದಿಯಲ್ಲಿದ್ದಾರೆ. ವೆಲ್‌ಫೇರ್ ಆಫೀಸರ್ ಹುದ್ದೆಗೆ ಬೇರೆಯವರನ್ನು ತಗೊಂಡರು. ಸಮಿತಿಯ ವಿಚಾರಣೆ ಇದ್ದ ದಿನ ನನ್ನ ಕ್ಯಾಲೆಂಡರ್‌ನಲ್ಲಿ ಇಂಟರ್‌ವ್ಯೂ ಹಾಕುವುದಿಲ್ಲ. ಪ್ರತಿ ವರ್ಷ ಅಕ್ಟೋಬರ್ 10ಕ್ಕೆ ಮಾನಸಿಕ ಆರೋಗ್ಯ ದಿನದ ಕಾರ್ಯಕ್ರಮ ಮಾಡಿಸುವುದು ನಾವೇ. ಯೋಗ ಕ್ಲಾಸು, ಭಾಷಣ ಎಲ್ಲ ಮಾಡಿಸುತ್ತೇವೆ. ಅವುಗಳಿಗೂ ಬೆಲೆ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ನನ್ನನ್ನು ಎಬ್ಬಿಸಿ ನಿಲ್ಲಿಸಿದ್ದು ಡ್ಯೂಟಿ ಚಾರ್ಟಿನಲ್ಲಿ ಬಿದ್ದ ಆ ಹೊಸ ಹೆಸರುಗಳು.

ಯೂನಿಯನ್ ಕಾರ್ಯದರ್ಶಿಯವರಿಗೆ. ಸರ್, ನಾವಿಬ್ಬರೂ ವೇತನ ಒಪ್ಪಂದದ ಟೇಬಲ್ ಮೇಲೆ ಎಷ್ಟು ಜಗಳ ಆಡಿದ್ದೇವೆ! ಆದರೂ ನಾನು ರಜೆ ಹೋಗುವ ಸುದ್ದಿ ಕೇಳಿ ನೀವು ಬಂದು, "ಚಾರ್ಟರ್ ಆಫ್ ಡಿಮ್ಯಾಂಡ್ಸ್ ನೀವು ಬಂದ ಮೇಲೇ ಕೊಡ್ತೀವಿ ಮೇಡಂ, ಆರಾಮಾಗಿ ಹೋಗ್ಬನ್ನಿ" ಅಂದಿರಿ. ಆ ಬೇಡಿಕೆ ಪಟ್ಟಿಯನ್ನು ನಾನು ಬಂದ ಮೇಲೆ ಕೊಟ್ಟಿರಿ ಕೂಡ. ಮತ್ತೆ ಜಗಳ ಆಡಿದೆವು. ಆ ಜಗಳದಲ್ಲಿ ನಾನು ಮೊದಲಿನ ಹಾಗಾಗಿದ್ದೇನೆ ಅಂತ ನನಗೆ ಗೊತ್ತಾಯಿತು.

ಅವ್ವ ಧಾರವಾಡದಿಂದ ಬಂದು ಇದ್ದಳು. ಏನೂ ಕೇಳಲಿಲ್ಲ. "ಉಣ್ಣೂಮುಂದ ಫೋನ್ ಆ ಕಡೆ ಇಡವ್ವಾ" ಅನ್ನುವುದೊಂದೇ ಅವಳ ಕಾನೂನು. ಮನೆಯವರು, ಮಗಳು, ಇಬ್ಬರೂ ಅದನ್ನು ಪಾಲಿಸಿದರು. ಈಗಲೂ ಪಾಲಿಸುತ್ತೇವೆ.

ಕೊನೆಯದಾಗಿ ನಮ್ಮ ಹಿರಿಯರಿಗೆ. ಅವರು ಸಾರ್ವಜನಿಕ ವಲಯದ ಕಾರ್ಖಾನೆಯೊಂದರ ಪರ್ಸನೆಲ್ (ಸಿಬ್ಬಂದಿ) ಡಿಪಾರ್ಟ್‌ಮೆಂಟ್‌ನಲ್ಲಿದ್ದು ನಿವೃತ್ತರಾದವರು. ನಾನು ಕಂಡಾಗ ಅವರು ಒಂದು ವಿಷಯ ನೆನಪಿಸಿದರು. ಎಂಎಸ್‌ಡಬ್ಲ್ಯುನಲ್ಲಿ ಫೀಲ್ಡ್‌ವರ್ಕ್ ಮಾಡುವಾಗ ವಾರಕ್ಕೊಮ್ಮೆ ಮೇಷ್ಟ್ರ ಮುಂದೆ ಕೂತು ನೋಡಿದ್ದು, ಅನ್ನಿಸಿದ್ದು ಎಲ್ಲ ಹೇಳುತ್ತಿದ್ದೆವು. ಆಪ್ತಸಮಾಲೋಚಕರಿಗೂ ಹೀಗೆ ಹೇಳಿಕೊಳ್ಳಲು ಒಬ್ಬ ಹಿರಿಯರು ಇರುತ್ತಾರೆ. ಓದುವಾಗ ಇದ್ದ ಆ ವ್ಯವಸ್ಥೆ ಕೆಲಸಕ್ಕೆ ಸೇರಿದ ದಿನ ನಿಂತುಹೋಗುತ್ತದೆ. ಅದೂ ಅದು ಅತಿ ಹೆಚ್ಚು ಬೇಕಾಗುವ ಹೊತ್ತಿಗೆ. "ಅದನ್ನ ಮತ್ತೆ ಶುರು ಮಾಡೋಣಮ್ಮ" ಅಂದರು. ಅಂದಿನಿಂದ ತಿಂಗಳಿಗೊಮ್ಮೆ ನನ್ನ ಜೊತೆ ಕೂರುತ್ತಾರೆ. ಹೆಸರು ಹೇಳುವುದಿಲ್ಲ, ಗುರುತು ಸಿಗುವ ವಿವರ ಹೇಳುವುದಿಲ್ಲ, ಸಮಿತಿಯ ವಿಷಯ ಎತ್ತುವುದೇ ಇಲ್ಲ. ಆ ಕೆಲಸ ಮಾಡುವಾಗ ನನಗೆ ಏನಾಯಿತು ಅನ್ನುವುದನ್ನು ಮಾತ್ರ ಹೇಳುತ್ತೇನೆ. ಅಷ್ಟು ಸಾಕಾಗುತ್ತದೆ. ಸರ್, ನಿಮ್ಮ ಮುಂದೆ ಕೂತು ಎದ್ದ ದಿನ ನನಗೆ ಚೆನ್ನಾಗಿ ನಿದ್ದೆ ಬರುತ್ತದೆ.

ಈಗ ಪೀಣ್ಯ, ದಾಸರಹಳ್ಳಿ ಕಡೆಯ ಇನ್ನೂ ಕೆಲವು ಎಚ್‌ಆರ್ ಗೆಳತಿಯರು ಸೇರಿಕೊಂಡಿದ್ದಾರೆ. ತಿಂಗಳ ಮೊದಲ ಶನಿವಾರ ಸಂಜೆ ಕೂರುತ್ತೇವೆ. ಈ ಬರಹ ಓದುತ್ತಾ ತನ್ನದೇ ಕಥೆ ಅನ್ನಿಸಿದವರು ನನಗೆ ಒಂದು ಮೆಸೇಜ್ ಹಾಕಿ, ಬನ್ನಿ. ಕಂಪನಿ ಹೆಸರು ಹೇಳಬೇಕಾಗಿಲ್ಲ. ಮೊದಲ ಸಲ ಸುಮ್ನೆ ಕೇಳುತ್ತಾ ಕೂತರೂ ನಡೆಯುತ್ತದೆ. ಬಿಲ್ ಬಗ್ಗೆ ಯೋಚನೆ ಬೇಡ, ಹಿರಿಯರು ಬೇರೆ ಯಾರಿಗೂ ಕೊಡಲು ಬಿಡುವುದಿಲ್ಲ.